ಅಲ್ಲಿ ಜನ ಇದ್ದಾರೆ: ಕ್ಯಾನ್ಯನ್ ಡಿ ಶೇಗೆ ಹೊರಟ ಕನ್ನಡಿಗರಿಗೆ ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಬಂಧುಗಳಿಗೆ, ಬೇಸಿಗೆಯಲ್ಲಿ ಊರಿನಿಂದ ಬರುವ ಹಿರಿಯರಿಗೆ, ಅದಕ್ಕಿಂತ ಮುಖ್ಯವಾಗಿ ಪ್ರವಾಸ ಏರ್ಪಡಿಸುವ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ರಜೆ ಹತ್ತಿರ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹೆಚ್ಚು ಕಡಿಮೆ ಒಂದೇ ಪಟ್ಟಿ ಓಡಾಡುತ್ತದೆ. ಲಾಸ್ ವೇಗಸ್‌ನಲ್ಲಿ ಇಳಿದು ಬಾಡಿಗೆ ಕಾರು, ಗ್ರ್ಯಾಂಡ್ ಕ್ಯಾನ್ಯನ್, ಆಂಟಲೋಪ್ ಕ್ಯಾನ್ಯನ್, ಹಾರ್ಸ್‌ಶೂ ಬೆಂಡ್, ಮಾನ್ಯುಮೆಂಟ್ ವ್ಯಾಲಿ. ಈಚೆಗೆ ಅದರ ಕೊನೆಗೆ ಕ್ಯಾನ್ಯನ್ ಡಿ ಶೇ ಕೂಡ ಸೇರಿಕೊಳ್ಳುತ್ತಿದೆ. ಸಂತೋಷದ ವಿಷಯ. ಆದರೆ ಅದರ ಮುಂದೆ ಬರೆದಿರುವ ಸಮಯ ನೋಡಿದಾಗ ಬೇಸರವಾಗುತ್ತದೆ: ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮೇಲಿನ ಅಂಚಿನಿಂದ ಇಣುಕಿ ನೋಡು, ಫೋಟೊ ತೆಗೆ, ಗಾಡಿ ಹತ್ತು.

ನಾನು ಫೀನಿಕ್ಸ್‌ನಲ್ಲಿ ಬಹಳ ಕಾಲದಿಂದ ಇರುವವನು. ಮನೆಗೆ ಬಂದ ನೆಂಟರಿಷ್ಟರನ್ನು ಕರೆದುಕೊಂಡು ಆ ಕಡೆ ಹೋಗಿಬರುವುದು ರೂಢಿ. ಆ ಸಲುಗೆಯಿಂದ ಕೇಳುತ್ತಿದ್ದೇನೆ. ಡಿ ಶೇಗೆ ಹೋಗುವುದಾದರೆ ಒಂದು ಪೂರ್ತಿ ದಿನ ಇಟ್ಟುಕೊಂಡು ಹೋಗಿ. ಅಲ್ಲಿಯವರೇ ಆದ, ನವಾಹೋ ಎಂಬ ಮೂಲನಿವಾಸಿ ಜನಾಂಗದ ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡು ಕೆಳಗೆ ಇಳಿಯಿರಿ. ಬರುವಾಗ ಅಲ್ಲಿಯ ಒಂದು ಮಡಕೆ ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣಗಳಿವೆ.

ಅರಿಜೋನಾದ ಈಶಾನ್ಯ ಮೂಲೆಯಲ್ಲಿ, ಚಿನ್‌ಲಿ ಎಂಬ ಸಣ್ಣ ಊರಿನ ಮಗ್ಗುಲಲ್ಲೇ ಈ ಕಮರಿಯ ಬಾಯಿ ಇದೆ. ಅಲ್ಲಿ ಬಂಡೆಗೋಡೆಯ ಎತ್ತರ ಬರೀ 30 ಅಡಿ. ಒಳಗೆ ಹೋದ ಹಾಗೆ ಅದೇ ಗೋಡೆ ಏರುತ್ತಾ ಹೋಗಿ 1,000 ಅಡಿಯನ್ನೂ ದಾಟುತ್ತದೆ. ಕೆಂಪು ಮರಳುಗಲ್ಲು, ಮಳೆನೀರು ಇಳಿದ ಕಡೆಯೆಲ್ಲ ಉದ್ದುದ್ದ ಕಪ್ಪು ಪಟ್ಟೆ. ತಳದಲ್ಲಿ ಮರಳು ತುಂಬಿದ ಹಳ್ಳ, ದಂಡೆಯಲ್ಲಿ ಕಾಟನ್‌ವುಡ್ ಮರಗಳು, ಮುಸುಕಿನ ಜೋಳದ ಹೊಲ, ಕುರಿ ದೊಡ್ಡಿ. ಈ ಗೋಡೆಯ ಪೊಟರೆಗಳಲ್ಲಿ, ನವಾಹೋಗಳಿಗೂ ಮೊದಲು ಇಲ್ಲಿದ್ದ ಪ್ರಾಚೀನ ಪ್ಯೂಬ್ಲೋ ಜನ ಕಟ್ಟಿಕೊಂಡ ಮನೆಗಳು ಇಂದಿಗೂ ನಿಂತಿವೆ.

ಎಲ್ಲರೂ ಫೋಟೊ ತೆಗೆಯುವ ವೈಟ್ ಹೌಸ್ ಅಂಥ ಒಂದು ಜಾಗ. ಮೇಲಿನಿಂದ ನೋಡಿದರೆ ಅದು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಕೆಳಗೆ ಬೇಲಿಯ ಈಚೆ ನಿಂತಾಗಲೇ ಅದರ ಲೆಕ್ಕಾಚಾರ ಅರ್ಥವಾಗುವುದು. ಒಂದು ಕಟ್ಟಡ ನೆಲದ ಮೇಲೆ, ಇನ್ನೊಂದು ಅದರ ತಲೆಯ ಮೇಲಿನ ಪೊಟರೆಯಲ್ಲಿ. ಕೆಳಗಿನದು ಒಂದು ಕಾಲಕ್ಕೆ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿ, ಅದರ ಮಾಳಿಗೆಯಿಂದ ಮೇಲಿನ ಪೊಟರೆಗೆ ಹತ್ತಿಕೊಳ್ಳುವಷ್ಟು ಎತ್ತರವಿತ್ತು. ಅದರ ಬಹುಭಾಗವನ್ನು ಹಳ್ಳದ ನೀರು ಕೊಚ್ಚಿಕೊಂಡು ಹೋಗಿದೆ. ಮೇಲಿನ ಕಟ್ಟಡದ ಹಿಂದಿನ ಗೋಡೆಗೆ ಬಳಿದ ಬಿಳಿ ಗಾರೆಯಿಂದ ಅದಕ್ಕೆ ಆ ಹೆಸರು ಬಂತು. ಪೊಟರೆ ದಕ್ಷಿಣಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದಾಗ ಬಿಸಿಲು ಒಳಗೆ ಬೀಳುತ್ತದೆ, ಬೇಸಿಗೆಯಲ್ಲಿ ಮೇಲಿನ ಬಂಡೆಯೇ ನೆರಳು. ಸುಮಾರು 11ನೇ ಶತಮಾನದ ನಡುವಿನಿಂದ 13ನೇ ಶತಮಾನದ ಕೊನೆಯವರೆಗೆ ಇಲ್ಲಿ ಸಂಸಾರಗಳಿದ್ದವು.

ಇಂಥ ಮನೆಗಳ ಗೋಡೆಯನ್ನು ದುರ್ಬೀನಿನಲ್ಲಾದರೂ ಹತ್ತಿರದಿಂದ ನೋಡಿ. ಕಲ್ಲುಗಳ ನಡುವಿನ ಮಣ್ಣಿನ ಗಾರೆಯನ್ನು ಕೈಯಲ್ಲೇ ಒತ್ತಿ ತುಂಬಿದ್ದಾರೆ. ಒಣಗಿದ ಮಣ್ಣಿನಲ್ಲಿ ಬೆರಳಿನ ಗುರುತು ಹಾಗೇ ಉಳಿದಿರುತ್ತದೆ. ಕೆಲವು ಕಡೆ ಸಂದಿಗೆ ತುರುಕಿದ ಜೋಳದ ದಿಂಡು ಕಾಣುತ್ತದೆ, ಇವತ್ತಿನ ಜೋಳದ ಮುಂದೆ ತೀರಾ ಗಿಡ್ಡ, ಒಂದು ಬೆರಳಿನಷ್ಟು ಉದ್ದ. ಕಾಳು ಬಿಡಿಸಿಕೊಂಡು ಉಂಡು, ಉಳಿದ ದಿಂಡನ್ನು ಗೋಡೆಗೆ ಬಳಸಿದ ಮನೆಯವರು ಯಾರೋ. ನನಗೆ ಇಡೀ ಕಮರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಆ ದಿಂಡುಗಳೇ.

ಇನ್ನು ನಮ್ಮವರ ಬಾಯಲ್ಲಿ ಪದೇ ಪದೇ ಬರುವ ಒಂದು ಮಾತು: ‘ಆ ಜನ ಇದ್ದಕ್ಕಿದ್ದಂತೆ ಮಾಯವಾದರಂತೆ.’ ಮಕ್ಕಳಿಗೂ ಅದನ್ನೇ ಹೇಳುತ್ತೇವೆ. ದಯವಿಟ್ಟು ಬಿಟ್ಟುಬಿಡಿ. ಮನೆಗಳ ಮರದ ತೊಲೆಗಳಲ್ಲಿರುವ ವರ್ಷದ ಉಂಗುರಗಳನ್ನು ಎಣಿಸಿ, ಯಾವ ಮರ ಯಾವ ವರ್ಷ ಕಡಿದದ್ದು ಎಂದು ಹೇಳುವ ವಿದ್ಯೆ ಅರಿಜೋನಾದಲ್ಲೇ ಬೆಳೆದದ್ದು. ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ 1929ರಲ್ಲಿ ಆ ಉಂಗುರಗಳ ಸರಣಿಯನ್ನು ಕೊಂಡಿ ತಪ್ಪದಂತೆ ಜೋಡಿಸಿದ. ಪಕ್ಕದ ಕ್ಯಾನ್ಯನ್ ಡೆಲ್ ಮುಯೆರ್ತೊದಲ್ಲಿರುವ ಮಮ್ಮಿ ಕೇವ್‌ನ ಗೋಪುರ 1280ರ ದಶಕದ್ದು ಎಂದು ಗೊತ್ತಾಗಿರುವುದು ಈ ಲೆಕ್ಕದಿಂದಲೇ. 1276ರಿಂದ 1299ರವರೆಗೆ ಈ ಸೀಮೆಗೆ ಬಿದ್ದ ದೊಡ್ಡ ಬರವನ್ನೂ ಅವೇ ಉಂಗುರಗಳು ತೋರಿಸುತ್ತವೆ. ಮಳೆ ಇಲ್ಲ, ಬೆಳೆ ಇಲ್ಲ. ಜೊತೆಗೆ ಒಳಜಗಳ, ಸೌದೆಯ ಕೊರತೆ, ಧಾರ್ಮಿಕ ಕಾರಣಗಳು ಎಲ್ಲ ಸೇರಿ ಜನ ಗುಳೆ ಎದ್ದರು. ದಕ್ಷಿಣಕ್ಕೆ, ಪೂರ್ವಕ್ಕೆ, ನೀರಿದ್ದ ಕಡೆ ಹೋದರು. ಇಂದಿನ ಹೋಪಿಗಳು, ಝೂನಿಗಳು, ರಿಯೋ ಗ್ರಾಂಡೆ ದಂಡೆಯ ಪ್ಯೂಬ್ಲೋ ಊರುಗಳವರು ಅವರ ಮಕ್ಕಳು ಮೊಮ್ಮಕ್ಕಳೇ. ಹೋಪಿಗಳ ಒರೈಬಿ ಊರಿನಲ್ಲಿ ಸುಮಾರು 12ನೇ ಶತಮಾನದಿಂದ ಇವತ್ತಿನವರೆಗೂ ಜನವಸತಿ ತಪ್ಪಿಲ್ಲ. ಡಿ ಶೇಯಿಂದ ಅಲ್ಲಿಗೆ ಕಾರಿನಲ್ಲಿ ಹೋದರೆ ಕತ್ತಲಾಗುವ ಮೊದಲೇ ವಾಪಸು ಬರಬಹುದು. ಇಷ್ಟು ಹತ್ತಿರದಲ್ಲಿ ವಂಶದವರು ಬದುಕಿರುವಾಗ ಮಾಯವಾದರು ಅನ್ನುವುದು ಅವರ ಮುಖಕ್ಕೆ ನೀವಿಲ್ಲ ಅಂದ ಹಾಗಾಗುತ್ತದೆ.

ಆ ಮೇಲೆ ಕಮರಿಗೆ ಬಂದು ನೆಲೆಯಾದವರು ನವಾಹೋಗಳು. ತಮ್ಮನ್ನು ಅವರು ದಿನೆ ಎಂದು ಕರೆದುಕೊಳ್ಳುತ್ತಾರೆ. ಈ ಪತ್ರ ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಅವರ ಕಥೆಯೇ, ಯಾಕೆಂದರೆ ಮೇಲಿನ ಅಂಚಿನಿಂದ ಇಣುಕಿ ಬರುವವರಿಗೆ ಅದು ಸಿಗುವುದೇ ಇಲ್ಲ.

1805ರ ಚಳಿಗಾಲದಲ್ಲಿ ಅಂತೋನಿಯೊ ನರ್ಬೋನಾ ಎಂಬ ಸ್ಪ್ಯಾನಿಷ್ ಸೇನಾಧಿಕಾರಿಯ ದಂಡು ಇಲ್ಲಿಗೆ ನುಗ್ಗಿತು. ಗಂಡಸರು ಬೇಟೆಗೆ ಹೋಗಿದ್ದರು. ಹೆಂಗಸರು, ಮಕ್ಕಳು, ಮುದುಕರು ಬಂಡೆಯ ಮೇಲಿನ ಒಂದು ಪೊಟರೆಯಲ್ಲಿ ಅಡಗಿದ್ದರು ಎಂದು ನವಾಹೋಗಳು ಹೇಳುತ್ತಾರೆ. ಸೈನಿಕರು ಮೇಲಿನ ಅಂಚಿನಿಂದ ಗುಂಡು ಹಾರಿಸಿದರು. 115 ಜನರನ್ನು ಕೊಂದೆ ಎಂದು ನರ್ಬೋನಾ ವರದಿ ಕಳಿಸಿದ, ಅವರಲ್ಲಿ ಹೆಚ್ಚಿನವರು ಯೋಧರು ಎಂದು ಬರೆದ. ಮ್ಯಾಸಕರ್ ಕೇವ್ ಎಂಬ ಫಲಕವಿರುವ ಕಡೆ ನಮ್ಮವರು ಗುಂಪು ಸೆಲ್ಫಿ ತೆಗೆಸಿಕೊಳ್ಳುವುದನ್ನು ನೋಡಿದ್ದೇನೆ. ಕೇಳಿದರೆ, ಅಲ್ಲಿ ಏನಾಯಿತೆಂದು ಯಾರೂ ಹೇಳಲಿಲ್ಲ ಅನ್ನುತ್ತಾರೆ. ಅದು ನಿಜವೂ ಹೌದು. ಹೇಳುವವರನ್ನು ನಾವು ಜೊತೆಗೆ ಕರೆದುಕೊಂಡಿರುವುದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1863–64ರಲ್ಲಿ. ನವಾಹೋಗಳನ್ನು ಅವರ ನೆಲದಿಂದ ಎಬ್ಬಿಸಲು ಅಮೆರಿಕದ ಸೇನೆ ಕಿಟ್ ಕಾರ್ಸನ್ ಎಂಬ ಅಧಿಕಾರಿಯನ್ನು ಕಳಿಸಿತು. ಅವನು ಹಿಡಿದ ದಾರಿ ಹಸಿವಿನದು: ಜೋಳದ ಹೊಲ ಸುಡು, ಕುರಿಗಳನ್ನು ಕೊಲ್ಲು ಇಲ್ಲವೇ ಹೊಡೆದುಕೊಂಡು ಹೋಗು, ಮನೆಗಳಿಗೆ ಬೆಂಕಿ ಇಡು. 1864ರ ಜನವರಿಯಲ್ಲಿ ಅವನ ಪಡೆ ಹಿಮದಲ್ಲಿ ಕಮರಿಯನ್ನು ಹಾದುಹೋಯಿತು. ಅದೇ ವರ್ಷ ಬೇಸಿಗೆಯಲ್ಲಿ ಮತ್ತೊಂದು ತುಕಡಿ ಬಂದು, ಕಮರಿಯವರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದ ಪೀಚ್ ತೋಟಗಳನ್ನು ಸಾಲುಸಾಲಾಗಿ ಕಡಿದು ಹಾಕಿತು. ಸಾವಿರಾರು ಮರ. ಫಸಲು ಕೊಡುತ್ತಿದ್ದ ಹಣ್ಣಿನ ಮರವನ್ನು ಎಣಿಸಿ ಎಣಿಸಿ ಕಡಿಯುವವರಿಗೆ ಇವರು ಮತ್ತೆ ಇಲ್ಲಿಗೆ ಬರಬಾರದು ಎಂಬ ಉದ್ದೇಶವಲ್ಲದೆ ಬೇರೇನು ಇರಲು ಸಾಧ್ಯ?

1863–64ರ ಆ ಚಳಿಗಾಲದಲ್ಲಿ ಸುಮಾರು 300 ಜನ ಶರಣಾಗದೆ, ಎರಡು ಕಮರಿಗಳು ಕೂಡುವ ಕಡೆ ಒಂಟಿಯಾಗಿ ನಿಂತಿರುವ ಒಂದು ಹೆಬ್ಬಂಡೆಯ ಮೇಲೆ ಹತ್ತಿ ಕೂತರು. ಇಂದು ಅದಕ್ಕೆ ಫೋರ್ಟ್ರೆಸ್ ರಾಕ್ ಎಂಬ ಹೆಸರಿದೆ. ಹತ್ತಲು ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳು, ಆತು ನಿಲ್ಲಿಸಿದ ಮರದ ಕಾಂಡಗಳು. ಹತ್ತಿದ ಮೇಲೆ ಅವನ್ನು ಎಳೆದುಕೊಂಡರು. ಕೆಳಗೆ ಸೈನಿಕರು ಕಾವಲು ಕೂತರು, ಮೇಲೆ ನೀರು ಮುಗಿಯಿತು. ಆಗ ರಾತ್ರಿ ಹೊತ್ತು ಜನ ಬಂಡೆಯ ಮೈಗೆ ಅಂಟಿಕೊಂಡು ಸಾಲಾಗಿ ಇಳಿದು, ಯಕ್ಕಾ ಎಂಬ ಮರುಭೂಮಿ ಗಿಡದ ನಾರಿನ ಹಗ್ಗಕ್ಕೆ ಸೋರೆಬುರುಡೆ ಕಟ್ಟಿ, ಮಲಗಿದ್ದ ಸೈನಿಕರ ಪಕ್ಕದ ಹಳ್ಳದಿಂದಲೇ ನೀರು ಸೇದಿ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸಿದರು. ಇದು ಅಜ್ಜಿಯರ ಬಾಯಿಂದ ಮೊಮ್ಮಕ್ಕಳಿಗೆ ಬಂದ ಕಥೆ. ನಾನು ಕೇಳಿದ್ದು ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಅದೇ ಬಂಡೆಯ ಕೆಳಗೆ. ಹೇಳಿದ ಗೈಡ್ ಅಮ್ಮ ‘ಅವರು’ ಅನ್ನಲಿಲ್ಲ, ‘ನಾವು ನೀರು ಸೇದಿದೆವು’ ಅಂದರು.

ಸಿಕ್ಕಿಬಿದ್ದವರಿಗೆ ನಡೆದೇ ಹೋಗುವ ಶಿಕ್ಷೆ. 8,000ಕ್ಕೂ ಹೆಚ್ಚು ನವಾಹೋಗಳನ್ನು 300 ಮೈಲಿಗೂ ಮೀರಿದ ದಾರಿಯಲ್ಲಿ ನ್ಯೂ ಮೆಕ್ಸಿಕೋದ ಬಾಸ್ಕೆ ರೆಡೊಂಡೊಗೆ ನಡೆಸಿಕೊಂಡು ಹೋದರು. ನೂರಾರು ಜನ ದಾರಿಯಲ್ಲೇ ಹೋದರು. ಅಲ್ಲಿ ಉಪ್ಪುಮಿಶ್ರಿತ ನೀರು, ಸೌದೆಗೆ ಪರದಾಟ, ಹುಳು ತಿಂದ ಬೆಳೆ, ಕಾಯಿಲೆ. ನಾಲ್ಕು ವರ್ಷ ಕಳೆದ ಮೇಲೆ, 1868ರ ಜೂನ್ 1ರಂದು ಒಪ್ಪಂದವಾಯಿತು. ಜನರಲ್ ಶೆರ್ಮನ್ ಎದುರು ನವಾಹೋಗಳ ಪರವಾಗಿ ಮುಂದೆ ನಿಂತು ಮಾತಾಡಿದ ಬಾರ್ಬೊನ್ಸಿತೊ ಇದೇ ಕ್ಯಾನ್ಯನ್ ಡಿ ಶೇಯಲ್ಲಿ ಹುಟ್ಟಿದವನು. ಬೇರೆ ಯಾವ ನೆಲವೂ ಬೇಡ, ನಮ್ಮದಕ್ಕೇ ಹೋಗುತ್ತೇವೆ ಎಂದು ಹಟ ಹಿಡಿದ, ಗೆದ್ದ. ಓಡಿಸಲ್ಪಟ್ಟ ನೆಲಕ್ಕೇ ಒಪ್ಪಂದದ ಬಲದಿಂದ ಮರಳಿ ಬಂದ ಮೂಲನಿವಾಸಿಗಳು ಅಮೆರಿಕದ ಚರಿತ್ರೆಯಲ್ಲಿ ತೀರಾ ಕಡಿಮೆ. ಬಂದವರು ಮತ್ತೆ ಪೀಚ್ ಗಿಡ ನೆಟ್ಟರು.

ಈ ನೆಲ ಇಂದಿಗೂ ಅವರದೇ. 1931ರ ಏಪ್ರಿಲ್ 1ರಂದು ಇದು ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾದದ್ದು ನವಾಹೋ ಮಂಡಲಿ ಒಪ್ಪಿದ ಮೇಲೆ. ನ್ಯಾಷನಲ್ ಪಾರ್ಕ್ ಸರ್ವೀಸ್ ಅಲ್ಲಿಯ ಅವಶೇಷಗಳನ್ನು ನೋಡಿಕೊಳ್ಳುತ್ತದೆ, ಆದರೆ ಸುಮಾರು 84,000 ಎಕರೆಯ ಇಡೀ ನೆಲ ನವಾಹೋಗಳ ಸ್ವಯಮಾಡಳಿತ ಪ್ರದೇಶವಾದ ನವಾಹೋ ನೇಷನ್‌ನದು. ಸುಮಾರು 40 ಕುಟುಂಬಗಳು ಸ್ಮಾರಕದ ಗಡಿಯೊಳಗೇ ಬದುಕುತ್ತಿವೆ. ಬೇಸಿಗೆಯಲ್ಲಿ ತಳಕ್ಕೆ ಇಳಿದು ಹೊಲ ಮಾಡುವುದು, ಚಳಿ ಬಂದಾಗ ಮೇಲಿನ ಮನೆಗಳಿಗೆ ಹೋಗುವುದು ಅವರಲ್ಲಿ ಎಷ್ಟೋ ಜನರ ಪದ್ಧತಿ. ಆದ್ದರಿಂದಲೇ ಪರವಾನಗಿ ಇರುವ ಗೈಡ್ ಇಲ್ಲದೆ ಕಮರಿಯ ತಳಕ್ಕೆ ಇಳಿಯುವಂತಿಲ್ಲ ಎಂಬ ನಿಯಮ. ಇದು ದುಡ್ಡು ಕೀಳುವ ಉಪಾಯ ಎಂದು ಗೊಣಗುವವರನ್ನು ಕಂಡಿದ್ದೇನೆ. ಸ್ವಾಮಿ, ಮೇಲಿನ ಎರಡೂ ಅಂಚಿನ ರಸ್ತೆಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಕೆಳಗೆ ನೀವು ಹಾದುಹೋಗುವುದು ಒಬ್ಬರ ಹೊಲದ ಬದಿ, ಇನ್ನೊಬ್ಬರ ಹೋಗನ್ ಎಂಬ ಸಾಂಪ್ರದಾಯಿಕ ಮನೆಯ ಬಾಗಿಲಿನ ಮುಂದೆ. ಗೈಡ್‌ಗೆ ಕೊಡುವ ಹಣ ಆ ಮನೆಗಳಿಗೇ ಸೇರುತ್ತದೆ. ನವಾಹೋ ನೇಷನ್‌ನಲ್ಲಿ ಇವತ್ತಿಗೂ ನೂರಕ್ಕೆ ಸುಮಾರು 30 ಮನೆಗಳಿಗೆ ನಲ್ಲಿ ನೀರಿಲ್ಲ; ಟ್ಯಾಂಕರಿನಲ್ಲೋ ಪಿಕಪ್ ಗಾಡಿಯಲ್ಲೋ ತಂದುಕೊಳ್ಳಬೇಕು. 1868ರ ಒಪ್ಪಂದದ ಪ್ರಕಾರ ನಮಗೆ ನೀರು ಒದಗಿಸಲು ಕ್ರಮ ತೆಗೆದುಕೊಳ್ಳಿ ಎಂದು ಅವರು ಕೇಳಿದ್ದಕ್ಕೆ, ಸರ್ಕಾರಕ್ಕೆ ಅಂಥ ಬಾಧ್ಯತೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಐದು–ನಾಲ್ಕರ ಬಹುಮತದಲ್ಲಿ ಹೇಳಿತು. ಮೋಟೆಲ್ ಕೋಣೆಯಲ್ಲಿ ಷವರ್ ತಿರುಗಿಸುವಾಗ ಅದು ನೆನಪಿರಲಿ.

ಈಗ ಮಡಕೆ ಚೂರಿನ ವಿಷಯ. ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಶೋಕೇಸ್‌ನಲ್ಲಿ, ಮೈಸೂರಿನ ಗಂಧದ ಆನೆಯ ಪಕ್ಕದಲ್ಲಿ, ಬಿಳಿ ಮೈಮೇಲೆ ಕಪ್ಪು ಗೆರೆ ಎಳೆದ ಹೆಬ್ಬೆರಳಗಲದ ಒಂದು ಚೂರು. ‘ಸಾವಿರ ವರ್ಷ ಹಳೆಯದು, ಅರಿಜೋನಾ ಟ್ರಿಪ್ಪಿನಲ್ಲಿ ಸಿಕ್ಕಿತು’ ಎಂದು ಹೆಮ್ಮೆಯಿಂದ ಕೈಗೆ ಕೊಟ್ಟರು. ಗೆರೆಗಳು ಎಷ್ಟು ಸಣ್ಣವೆಂದರೆ ಯಕ್ಕಾ ಎಲೆಯನ್ನು ಜಗಿದು ಮಾಡಿದ ಕುಂಚದಿಂದ ಒಂದೊಂದಾಗಿ ಎಳೆದಿರಬೇಕು. ಅದು ಸಿಕ್ಕಿದ್ದಲ್ಲ, ತಂದದ್ದು. 1906ರ ಪುರಾತನ ವಸ್ತುಗಳ ಕಾಯ್ದೆ, 1979ರ ಪುರಾತತ್ವ ಸಂಪತ್ತಿನ ರಕ್ಷಣಾ ಕಾಯ್ದೆ ಎರಡೂ ಇವೆ. ಎರಡನೆಯದರ ಪ್ರಕಾರ ಮೊದಲ ಸಲದ ತಪ್ಪಿಗೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು; ನಷ್ಟದ ಮೊತ್ತ 500 ಡಾಲರ್ ದಾಟಿದರೆ ಎರಡೂ ಇಮ್ಮಡಿ. ವೀಸಾದ ಮೇಲೆ ಇರುವವರು ಕ್ರಿಮಿನಲ್ ಕೇಸು ಮೈಮೇಲೆ ಎಳೆದುಕೊಂಡರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಕಾಯ್ದೆಯ ಭಯದಿಂದ ಬಿಡಿ ಎಂದು ನಾನು ಕೇಳುತ್ತಿಲ್ಲ. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ನಿಧಿಗಳ್ಳರು ವ್ಯಾಸರಾಜರ ಬೃಂದಾವನವನ್ನು ಕೆಡವಿದಾಗ ಇಲ್ಲಿಂದಲೇ ಎಷ್ಟು ಜನ ಕಣ್ಣೀರು ಹಾಕಿದ್ದೆವು, ಎಷ್ಟು ಸಿಟ್ಟು ಬಂದಿತ್ತು! ಹೋಪಿಗಳಿಗೆ ಆ ಚೂರುಗಳು ಹಿರಿಯರು ಬಿಟ್ಟುಹೋದ ಹೆಜ್ಜೆ, ತಮ್ಮ ಕುಲಗಳು ಯಾವ ದಾರಿಯಲ್ಲಿ ನಡೆದುಬಂದವು ಎನ್ನುವುದರ ಗುರುತು. ನವಾಹೋಗಳಿಗೆ ಸತ್ತವರ ಜಾಗಕ್ಕೆ ಕಾಲಿಡುವುದು, ಅಲ್ಲಿಯದನ್ನು ಮುಟ್ಟುವುದು ನಿಷಿದ್ಧ. ಈ ಮನೆಗಳು ಇಷ್ಟು ಕಾಲ ಉಳಿದದ್ದಕ್ಕೆ ಬಂಡೆಯ ನೆರಳಿನಷ್ಟೇ ಅವರ ಆ ಭಯಭಕ್ತಿಯೂ ಕಾರಣ ಎಂದು ನಾನು ನಂಬಿದ್ದೇನೆ. ಹೊರಗಿನವರು ಹಾಗೆ ನಡೆದುಕೊಳ್ಳಲಿಲ್ಲ. ಡಿ ಶೇಯಿಂದ ಅಗೆದು ಒಯ್ದ 303 ಜನರ ಅಸ್ಥಿಗಳನ್ನು ವಾಪಸು ಕೊಡಿ ಎಂದು ನವಾಹೋ ನೇಷನ್ 2011ರಲ್ಲಿ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಕೊಲೊರಾಡೋದ ಮೆಸಾ ವರ್ಡೆಯಿಂದ 1891ರಲ್ಲಿ ಗುಸ್ತಾಫ್ ನೋರ್ಡೆನ್‌ಶೋಲ್ಡ್ ಎಂಬಾತ ಹಡಗಿಗೆ ತುಂಬಿ ಕಳಿಸಿದ ಮೃತದೇಹಗಳ ಅವಶೇಷ ಫಿನ್ಲೆಂಡಿನಿಂದ ಮರಳಿದ್ದು 2020ರಲ್ಲಿ. ಅಂಥ ಸಾಗಣೆಯ ಸಾಲಿಗೆ ನಮ್ಮ ಶೋಕೇಸ್ ಸೇರುವುದು ಬೇಡ. ಈಗಾಗಲೇ ತಂದಿರುವವರು ಯಾರಾದರೂ ಇದ್ದರೆ, ಮುಂದಿನ ಸಲ ಹೋದಾಗ ಎಲ್ಲೋ ಒಂದು ಕಡೆ ಎಸೆದು ಬರಬೇಡಿ. ಯಾವ ಜಾಗದಿಂದ ಎತ್ತಿದ್ದು ಎಂದು ನೆನಪಿರುವಷ್ಟನ್ನು ಬರೆದು ವಿಸಿಟರ್ ಸೆಂಟರ್‌ನವರಿಗೆ ಒಪ್ಪಿಸಿ.

ಕೂಟಗಳ ಪದಾಧಿಕಾರಿಗಳಲ್ಲಿ ಕೆಲವು ಬೇಡಿಕೆಗಳಿವೆ. ಡಿ ಶೇಗೆ ಬಸ್ಸು ಮಾಡಿಸುವುದಾದರೆ ಹಿಂದಿನ ರಾತ್ರಿಯೇ ಚಿನ್‌ಲಿಯಲ್ಲಿ ತಂಗುವಂತೆ ನೋಡಿಕೊಳ್ಳಿ. ಫೀನಿಕ್ಸ್‌ನಿಂದ ಐದು ಗಂಟೆಗೂ ಮೀರಿದ ದಾರಿ, ಹೋಗಿ ಅದೇ ದಿನ ಬರುತ್ತೇವೆಂದರೆ ಮೇಲಿನಿಂದ ಇಣುಕುವುದೇ ಗತಿ. ಬೇಸಿಗೆಯಲ್ಲಿ ನವಾಹೋ ನೇಷನ್‌ನ ಗಡಿಯಾರ ಉಳಿದ ಅರಿಜೋನಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಇದು ಗೊತ್ತಿಲ್ಲದೆ ಬುಕ್ ಮಾಡಿದ ಜೀಪು ತಪ್ಪಿಸಿಕೊಂಡು ಪೆಚ್ಚಾದ ಕುಟುಂಬಗಳುಂಟು. ಮದ್ಯ ನವಾಹೋ ನೇಷನ್‌ನಲ್ಲಿ ನಿಷಿದ್ಧ, ಕಾರಿನ ಡಿಕ್ಕಿಯಲ್ಲೂ ಇರಬಾರದು. ಡ್ರೋನ್ ಹಾರಿಸುವಂತಿಲ್ಲ. ಜನರ, ಅವರ ಮನೆಗಳ, ಕುರಿಮರಿಗಳ ಜೊತೆಗಿರುವ ಮಕ್ಕಳ ಫೋಟೊ ತೆಗೆಯುವ ಮುಂಚೆ ಕೇಳಿ. ಬೇಡ ಅಂದರೆ ಕ್ಯಾಮೆರಾ ಇಳಿಸಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ದೂರದಲ್ಲಿ ಮಳೆಯಾಗಿ ಇಲ್ಲಿ ಹಳ್ಳಕ್ಕೆ ಏಕಾಏಕಿ ನೀರು ಬರುವುದುಂಟು, ಮರಳಿನಲ್ಲಿ ಕಾಲು ಹೂತುಹೋಗುವ ಜಾಗಗಳೂ ಇವೆ. ಇವತ್ತು ಇಳಿಯುವುದು ಬೇಡ ಎಂದು ಗೈಡ್ ಹೇಳಿದರೆ ವಾದ ಮಾಡಬೇಡಿ.

ವಯಸ್ಸಾದವರನ್ನು ಕರೆದೊಯ್ಯಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಖಂಡಿತ ಕರೆದೊಯ್ಯಿರಿ, ಆದರೆ ಜೀಪು ಮರಳಲ್ಲಿ, ನೀರಲ್ಲಿ ಕುಲುಕಾಡುತ್ತದೆ. ಸೊಂಟನೋವು ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಟೋಪಿ, ಬೇಕಾದಷ್ಟು ನೀರು ಇರಲಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗುವುದು ಒಳ್ಳೆಯದು. ಅಲ್ಲಿ ಸಿಗುವ ಫ್ರೈ ಬ್ರೆಡ್ ರುಚಿಯಾಗಿರುತ್ತದೆ, ಕೆಲವರು ಅದನ್ನು ಹಂದಿಕೊಬ್ಬಿನಲ್ಲಿ ಕರಿಯುವುದರಿಂದ ಮೊದಲೇ ಕೇಳಿಕೊಳ್ಳಿ. ಬಾಸ್ಕೆ ರೆಡೊಂಡೊದಲ್ಲಿ ಸೇನೆ ಪಡಿತರವಾಗಿ ಕೊಟ್ಟ ಮೈದಾ ಹಿಟ್ಟಿನಿಂದ ಹುಟ್ಟಿದ ತಿಂಡಿ ಅದು ಎಂದು ನವಾಹೋಗಳು ಹೇಳುತ್ತಾರೆ, ತಿನ್ನುವಾಗ ಮಕ್ಕಳಿಗೆ ಅದನ್ನೂ ಹೇಳಿ. ಸ್ಪೈಡರ್ ರಾಕ್ ಎದುರು ನಿಂತಾಗ, ಹತ್ತಿರ ಹತ್ತಿರ 800 ಅಡಿಯ ಆ ಕಂಬದ ಮೇಲೆ ವಾಸಿಸುವ ಜೇಡಜ್ಜಿ ನವಾಹೋಗಳಿಗೆ ನೇಯ್ಗೆ ಕಲಿಸಿದಳು ಎಂಬ ಕಥೆಯನ್ನು ಗೈಡ್ ಬಾಯಿಂದಲೇ ಕೇಳಿಸಿ. ತಂಟೆ ಮಾಡುವ ಮಕ್ಕಳ ಬಗ್ಗೆಯೂ ಅದರಲ್ಲಿ ಒಂದು ಭಾಗ ಬರುತ್ತದೆ, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಅಧಿಕೃತ ಗೈಡ್‌ಗಳ ಪಟ್ಟಿ ಚಿನ್‌ಲಿಯ ವಿಸಿಟರ್ ಸೆಂಟರ್‌ನಲ್ಲಿ, ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಜೀಪು, ಕುದುರೆ, ಕಾಲ್ನಡಿಗೆ ಮೂರೂ ಬಗೆಯವರಿದ್ದಾರೆ. ಮೆಮೋರಿಯಲ್ ಡೇ, ಲೇಬರ್ ಡೇ ವಾರಾಂತ್ಯಗಳಿಗೆ ಬಲು ಬೇಗ ತುಂಬಿಹೋಗುತ್ತಾರೆ. ಈ ವರ್ಷದ ಪ್ರವಾಸದ ಪಟ್ಟಿಯನ್ನು ಕೂಟದವರು ಅಂತಿಮಗೊಳಿಸುವ ಮೊದಲು ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ, ಎಷ್ಟು ಜನ ಬರುತ್ತೀರಿ, ಹಿರಿಯರೆಷ್ಟು, ಮಕ್ಕಳೆಷ್ಟು ಎಂದು ತಿಳಿಸಿ, ಡಿ ಶೇ ಮುಂದೆ ಬರೆದಿರುವ ಅರ್ಧ ಗಂಟೆಯನ್ನು ಹೊಡೆದುಹಾಕಿ ಒಂದು ದಿನ ಎಂದು ತಿದ್ದಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಫೀನಿಕ್ಸ್‌ನಿಂದ ನಿಮ್ಮವನೇ ಒಬ್ಬ ಕನ್ನಡಿಗ